ಗಂಟೆ ಕೇಳಿಸುವಷ್ಟು ನೆಲ

ಸಂತೆಯಲ್ಲಿ ನಿಲ್ಲಿಸಿ ಬೆಲೆ ಕಟ್ಟಿದರೆ ಗೆನೆರಿಸ್ ದೊಡ್ಡ ಮಾಲಲ್ಲ. ಗಿಡ್ಡ ಮೈಕಟ್ಟು, ಎಡಗಾಲು ಸ್ವಲ್ಪ ಎಳೆತ. ಮುಂದಿನ ಹಲ್ಲುಗಳಲ್ಲಿ ಒಂದೇ ಒಂದು ಉಳಿದಿತ್ತು, ಅದೂ ಓಟ್ ರೊಟ್ಟಿ ಕಂಡರೆ ಹಿಂದೆಮುಂದೆ ನೋಡುತ್ತಿತ್ತು. ಕೈ ಮಾತ್ರ ಒಳ್ಳೆಯದು. ಹಾಲು ಕರೆದು ಕರೆದು ಹುರಿಗಟ್ಟಿದ ಬೆರಳು, ಒಂದೇ ಹಿಡಿತಕ್ಕೆ ಟಗರನ್ನು ಕೆಡವಿ ಉಣ್ಣೆ ಕತ್ತರಿಸುವಷ್ಟು ಬಲ. ದನಿ ಒರಟು, ಬಾಯಿ ಚುರುಕು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಆಸ್ತಿಯೆಂದರೆ ಸಂತನ ಹೆಸರಿನಲ್ಲಿದ್ದ ಒಂದು ಕಲ್ಲುಮನೆ, ಎರಡು ಹಸು, ಬ್ರಿಥ್ ಎಂಬ ಚುಕ್ಕೆ ನಾಯಿ. ಇಷ್ಟೂ ಸೇರಿಸಿ ಕೊಟ್ಟರೂ ಯಾರೂ ಬದಲಿಗೆ ಒಂದು ಒಳ್ಳೆಯ ಕುದುರೆಮರಿ ಬಿಟ್ಟುಕೊಡುತ್ತಿರಲಿಲ್ಲ. ಆದರೆ ಕಣಿವೆಯಲ್ಲೇ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಅವಳ ತಲೆಯ ಎರಡು ಪಕ್ಕಕ್ಕೆ ಅಂಟಿಕೊಂಡಿತ್ತು. ಅದು ಅವಳ ಕಿವಿ.

ಆ ಕಿವಿ ಕೆಟ್ಟುಹೋಗಿತ್ತು. ಊರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಆಗುವ ನಷ್ಟ ಅವಳೊಬ್ಬಳದಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ನಮ್ಮ ಕಣಿವೆಯಲ್ಲಿ ಸಂತ ಎಲ್ಗಾನನ ಕತೆ ಕೇಳದೆ ಬೆಳೆದ ಕುರಿಯೂ ಇಲ್ಲ. ಬೆಟ್ಟಕ್ಕೊಬ್ಬ ರಾಜನಿದ್ದ ಕಾಲದಲ್ಲಿ ಎಲ್ಗಾನ್ ಒಬ್ಬ ಪುಡಿರಾಜನ ಕಿರಿಮಗ. ಅಣ್ಣಂದಿರಿಬ್ಬರು ಒಂದು ಹುಲ್ಲುಗಾವಲಿಗಾಗಿ ಒಬ್ಬರನ್ನೊಬ್ಬರು ಕೊಂದುಕೊಂಡ ದಿನ ಇವನು ತನ್ನ ಕತ್ತಿಯನ್ನು ಕಮ್ಮಾರನಿಗೆ ಕೊಟ್ಟು, ಅದನ್ನೇ ಕಾಯಿಸಿ ತಟ್ಟಿಸಿ ಗಂಟೆ ಮಾಡಿಸಿಕೊಂಡು, ಬರಿಗಾಲಲ್ಲಿ ಬೆಟ್ಟ ದಾಟಿ ಬಂದ. ಗಂಟೆಯೆಂದರೆ ಗೋಪುರದ ದೊಡ್ಡ ಗಂಟೆಯಲ್ಲ. ಹಸುವಿನ ಕೊರಳಿಗೆ ಕಟ್ಟುವುದರ ಅಣ್ಣನಂಥದ್ದು, ನಾಲ್ಕು ಮೂಲೆಯ ಕಬ್ಬಿಣದ ಡಬ್ಬಿ, ಸುತ್ತಿಗೆಯಿಂದ ಹೊಡೆದರೆ ಸದ್ದು. ಎಲ್ಗಾನ್ ಹೊಳೆಯಲ್ಲಿ ಎದೆಮಟ್ಟ ನಿಂತು ಜಪ ಮಾಡುತ್ತಿದ್ದನಂತೆ, ಮೀನುಗಳು ಬಂದು ಅವನ ಬೆರಳು ಎಣಿಸುತ್ತಿದ್ದವಂತೆ.

ಒಂದು ದಿನ ಜನ ಅಟ್ಟಿಸಿಕೊಂಡು ಬಂದ ಒಬ್ಬನನ್ನು ದನ ಕಾಯುವ ಹೆಂಗಸೊಬ್ಬಳು ಹುಲ್ಲಿನ ಮೆದೆಯಲ್ಲಿ ಬಚ್ಚಿಟ್ಟಳು. ಎಲ್ಗಾನ್ ಗಂಟೆ ಬಾರಿಸಿದ. ಅಟ್ಟಿಸಿಕೊಂಡು ಬಂದವರ ಕುದುರೆಗಳು ಮುಂದೆ ಕಾಲಿಡಲಿಲ್ಲ. ಹೆದರಿದ ಆ ಸೀಮೆಯ ಒಡೆಯ, ಈ ಗಂಟೆ ಕೇಳಿಸುವಷ್ಟು ನೆಲ ನಿನ್ನದು, ಅದರೊಳಗೆ ಬಂದವನ ರಕ್ತವನ್ನು ಯಾರೂ ಕೇಳುವಂತಿಲ್ಲ ಎಂದ. ಅಂದಮೇಲೆ ಅವನಿಗೆ ಲೆಕ್ಕದ ಬುದ್ಧಿ ಬಂತು. ಯಾರ ಕಿವಿಗೆ ಕೇಳಿಸುವಷ್ಟು ಎಂದು ಕೇಳಿದ. ಒಡೆಯನ ಕಿವಿಗೆ ಬಿಟ್ಟರೆ ಗಂಟೆ ಅಂಗಳ ದಾಟುವುದಿಲ್ಲ. ಸಂತನ ಕಿವಿಗೆ ಬಿಟ್ಟರೆ ಕಡಲಾಚೆಯ ಐರ್ಲೆಂಡೂ ಸೇರಿಹೋಗುತ್ತದೆ. ಎಲ್ಗಾನ್ ಮೆದೆಯ ಪಕ್ಕದಲ್ಲಿ ನಡುಗುತ್ತಿದ್ದ ಆ ಹೆಂಗಸಿನತ್ತ ಕೈ ತೋರಿಸಿದ. “ಇವಳ ಕಿವಿ ಎಲ್ಲಿಯವರೆಗೋ ನನ್ನ ನೆಲ ಅಲ್ಲಿಯವರೆಗೆ.”

ಆ ದನ ಕಾಯುವವಳ ಮನೆತನದಲ್ಲಿ ಗಂಟೆ ಹೆಣ್ಣಿನಿಂದ ಹೆಣ್ಣಿಗೆ ಇಳಿದು ಗೆನೆರಿಸಳವರೆಗೆ ಬಂದಿತ್ತು. ಆದ್ದರಿಂದ ನಮ್ಮ ಸಂತನ ನೆಲಕ್ಕೆ ಗಡಿಕಲ್ಲಿಲ್ಲ. ಪಡುವಣ ಗಾಳಿ ಬೀಸಿದ ದಿನ ಅದು ಮೂಡಲ ಬೆಟ್ಟ ಹತ್ತುತ್ತದೆ, ಮಳೆ ಹಿಡಿದ ದಿನ ಕೊಟ್ಟಿಗೆಗಳ ಹತ್ತಿರಕ್ಕೆ ಕುಗ್ಗುತ್ತದೆ. ಓಡಿ ಬಂದವನ ಮೇಲೆ ಕೈ ಬಿದ್ದಾಗ ಅವನು ಎಲ್ಗಾನನ ಹೆಸರು ಕೂಗಿದರೆ ಎಲ್ಲರೂ ಅಲ್ಲಲ್ಲೇ ನಿಲ್ಲಬೇಕು. ಅವನು ಒಂದು ಹೆಜ್ಜೆ ಸರಿದರೆ ಅವನು ಸೋತ. ಅವರು ಒಂದು ಏಟು ಹಾಕಿದರೆ ಅವರು ಸೋತರು. ಗಂಟೆ ಕಾಯುವವಳನ್ನು ಕರೆತಂದು ಅವನ ಹತ್ತಿರ ನಿಲ್ಲಿಸುತ್ತಾರೆ. ಮೇಲೆ ಇಗರ್ಜಿಯ ಬಾಗಿಲಲ್ಲಿ ಪಾದ್ರಿ ಗಂಟೆ ಹೊಡೆಯುತ್ತಾನೆ. ಆಮೇಲೆ ಗಂಟೆಯನ್ನೇ ಹೊತ್ತು ತಂದು ಅವಳ ಮುಂದೆ ಹಿಡಿಯುತ್ತಾನೆ. ಅವಳು ಅದರ ಮೇಲೆ ಕೈಯಿಟ್ಟು, ಕೇಳಿಸಿತು ಅಥವಾ ಕೇಳಿಸಲಿಲ್ಲ ಎನ್ನುತ್ತಾಳೆ. ಒಂದು ಮಾತಿಗೆ ಒಬ್ಬ ಉಳಿಯುತ್ತಾನೆ, ಇನ್ನೊಂದಕ್ಕೆ ಸಾಯುತ್ತಾನೆ.

ಬೇರೆಯವರ ಕಿವಿ ಯಾಕಾಗದು ಎಂದರೆ, ನಮ್ಮಲ್ಲಿ ಕೊಲೆಯ ಸೇಡು ಏಳನೇ ತಲೆಮಾರಿನ ದಾಯಾದಿಯವರೆಗೂ ಹರಿಯುತ್ತದೆ. ಕಣಿವೆಯಲ್ಲಿ ಯಾರನ್ನು ಮುಟ್ಟಿದರೂ ಒಂದು ಕಡೆಯ ನೆಂಟನೇ. ಗಂಟೆಯ ಮನೆಯೊಂದು ಆ ಲೆಕ್ಕದ ಹೊರಗಿತ್ತು. ಅವರು ರಕ್ತದ ಪರಿಹಾರ ಕೊಡುವವರೂ ಅಲ್ಲ, ತೆಗೆದುಕೊಳ್ಳುವವರೂ ಅಲ್ಲ. ಕಿವಿ ತಪ್ಪು ಹೇಳಿದರೆ ಮಾತ್ರ ಆ ರಕ್ಷೆ ಹೋಗುತ್ತಿತ್ತು. ಸುವಾರ್ತೆಯ ಮೇಲೆ ಕೈಯಿಟ್ಟು ಸುಳ್ಳು ಹೇಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಕುದುರೆ ಮಾರುವವರೆಲ್ಲ ಆ ಪೈಕಿ. ಗಂಟೆಯ ಮೇಲೆ ಕೈಯಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೇಳಿದವನ ಬಾಯಿ ತಿರುಚಿಕೊಂಡು ಕಿವಿಯ ಹತ್ತಿರ ಹೋಗಿ ನಿಲ್ಲುತ್ತದೆಂದು ನಂಬಿಕೆ.

ಗೆನೆರಿಸಳ ಕಿವಿ ಒಂದೇ ದಿನ ಹೋದದ್ದಲ್ಲ. ಮೊದಲು ಗುಬ್ಬಿ ಹೋಯಿತು, ಆಮೇಲೆ ಮಿಡತೆ ಹೋಯಿತು. ಇಂಥದ್ದು ಹೋದಾಗ ಯಾರಿಗೆ ಗೊತ್ತಾಗುತ್ತದೆ? ಈ ವರ್ಷ ಗುಬ್ಬಿ ಕಡಿಮೆ ಎಂದುಕೊಂಡಳು. ಆ ಚಳಿಗಾಲದಲ್ಲೇ ರಿರಿದ್ ಎಂಬ ಹುಡುಗನನ್ನು ಅವನ ವೈರಿಗಳು ಬೆಟ್ಟದ ಕಿರುದಾರಿಯಲ್ಲಿ ಹಿಡಿದದ್ದು. ಲೆಯ್ಕಿ ಎಂಬ ವಿಧವೆಯ ಒಬ್ಬನೇ ಮಗ. ಕಿರುದಾರಿ ಇಗರ್ಜಿಯಿಂದ ದೂರವೇನಲ್ಲ. ಗೆನೆರಿಸ್ ಹತ್ತಿ ಹೋಗಿ ಅವನ ಪಕ್ಕ ನಿಂತು, ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಗಾಳಿ ಸದ್ದಿಗೆ ಎದುರಾಗಿ ಬೀಸುತ್ತಿತ್ತು. ಅವಳಿಗೆ ಏನೂ ಕೇಳಿಸಲಿಲ್ಲ. ಗಂಟೆ ಬಂದಾಗ ಕೈಯಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ರಿರಿದ್ ಅವಳನ್ನು ಬೈಯಲೂ ಇಲ್ಲ. “ನಿಜವಾಗ್ಲೂ ಕೇಳಿಸ್ಲಿಲ್ವಾ, ಅಕ್ಕಾ? ನಂಗೆ ಕೇಳಿಸ್ತಲ್ಲ” ಎಂದ, ಅಷ್ಟೇ. ಸಾಯುವವರು ಎಲ್ಲರೂ ಹಾಗನ್ನುತ್ತಾರೆ ಎಂದುಕೊಂಡು ಅವಳು ಬೆನ್ನು ತಿರುಗಿಸಿ ಇಳಿದಳು.

ಮುಂದಿನ ಬೇಸಿಗೆ ಅವಳು ಕುಡುಗೋಲು ತಟ್ಟಿಸಲು ಕಮ್ಮಾರನಲ್ಲಿಗೆ ಹೋದಳು. ಬಾಗಿಲಲ್ಲಿ ನಿಂತು ನೋಡುತ್ತಾಳೆ, ಕಮ್ಮಾರನ ಸುತ್ತಿಗೆ ಏಳುತ್ತದೆ, ಬೀಳುತ್ತದೆ, ಕಿಡಿ ಹಾರುತ್ತದೆ. ಸದ್ದು ದೂರದ ಬಾವಿಯಲ್ಲಿ ಬೆಣಚುಕಲ್ಲು ಬಿದ್ದಂತೆ. ಒಳಗೆ ಹೋಗಿ ಸುತ್ತಿಗೆ ಬೀಳುವ ಅಡಿಗಲ್ಲಿನ ಹತ್ತಿರವೇ ನಿಂತಳು. ಆಗಲೂ ಅಷ್ಟೇ. ಕಮ್ಮಾರ ಅವಳ ಮುಖ ನೋಡಿ ನಕ್ಕ.

“ಏನಕ್ಕಾ, ದೆವ್ವ ಕಂಡವಳ ಹಂಗೆ ನಿಂತೆ?”

ಅವಳಿಗೆ ಕಂಡದ್ದು ದೆವ್ವವೇ. ಅದಕ್ಕೆ ರಿರಿದನ ಮುಖವಿತ್ತು.

ಅಂದಿನಿಂದ ಅವಳು ಕಿವುಡುತನವನ್ನು ಕದ್ದ ಮಾಲಿನಂತೆ ಬಚ್ಚಿಟ್ಟು ಬದುಕಿದಳು. ಜನರ ತುಟಿ ಓದಲು ಕಲಿತಳು. ಬಾಗಿಲು ಬಡಿದದ್ದು ಬ್ರಿಥ್‌ನ ಕಿವಿ ನೆಟ್ಟಗಾದರೆ ತಿಳಿಯುತ್ತಿತ್ತು. ಯಾರೂ ಹಿಂದಿನಿಂದ ಬರದಂತೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ತಾನೇ ಹೆಚ್ಚು ಮಾತಾಡಿದರೆ ಇನ್ನೊಬ್ಬರ ಮಾತು ಕೇಳುವ ಕಷ್ಟ ಕಡಿಮೆ ಎಂದು ಕಂಡುಕೊಂಡು, ಇದ್ದ ಬಾಯಿಯನ್ನು ಇನ್ನೂ ದೊಡ್ಡದು ಮಾಡಿಕೊಂಡಳು. ಪಾದ್ರಿ ಸಿಲ್ಯೆನ್ ಒಬ್ಬನೇ ಅವಳಿಗೆ ದೊಡ್ಡ ತಲೆನೋವು. ಅವನ ಬಿಳಿಗಡ್ಡ ತುಟಿಯನ್ನೆಲ್ಲ ನುಂಗಿಬಿಟ್ಟಿತ್ತು.

“ಸ್ವಾಮಿ, ಆ ಪೊದೆ ಕತ್ತರಿಸ್ಕಳಿ. ಕೀರ್ತನೆ ಓದುವಾಗ ಅದ್ರೊಳಗಿಂದ ಮೊಲ ಹಾರುತ್ತೆ ಅಂತ ಕಾಯ್ತಾ ಇರ್ತೀನಿ,” ಎಂದು ಗೇಲಿ ಮಾಡುತ್ತಿದ್ದಳು. ಜನ ನಗುತ್ತಿದ್ದರು. ಗಡ್ಡ ಮಾತ್ರ ಕಡಿಮೆಯಾಗಲಿಲ್ಲ.

ಹೇಳಿಬಿಡಬಹುದಿತ್ತು. ತಂಗಿಯ ಮಗಳು ಗ್ವೆರ್ವಿಲ್ ಜೊತೆಯಲ್ಲೇ ಇದ್ದಳು, ಬೆಳೆದ ಹೆಣ್ಣು, ಗಂಟೆಗೆ ಮುಂದಿನ ವಾರಸುದಾರಳು. ಆದರೆ ಇಂದು ಕಿವಿ ಸತ್ತಿದೆ ಎಂದರೆ, ಯಾವಾಗಿನಿಂದ ಎಂದು ಊರು ಕೇಳುತ್ತದೆ. ಆ ಪ್ರಶ್ನೆಯ ಹಿಂದೆ ಲೆಯ್ಕಿ ನಿಂತಿದ್ದಳು. ಬಾಯಿಬಿಟ್ಟರೆ ರಿರಿದನ ರಕ್ತ ಗಂಟೆಯ ಮನೆಗೆ ಅಂಟುತ್ತದೆ, ಗ್ವೆರ್ವಿಲ್‌ಗೂ ಅಂಟುತ್ತದೆ. ಯಾರೂ ಓಡಿ ಬರದಿದ್ದರೆ ಸಾಕು ಎಂದು ಅವಳು ದಿನಾ ಎಲ್ಗಾನನ ಮುಂದೆ ಬೇಡಿಕೊಂಡಳು. ಬೇಡಿಕೆಯೇನೋ ದೊಡ್ಡದಲ್ಲ. ಆದರೆ ಬಡಿದಾಡದೆ ವರ್ಷಗಟ್ಟಲೆ ಇರುವ ಅಭ್ಯಾಸ ನಮ್ಮ ಜನಕ್ಕೆ ಇಲ್ಲ.

ಈಸ್ಟರಿನ ಮುಂಚಿನ ಉಪವಾಸದ ದಿನಗಳಲ್ಲಿ ಅದು ಬಂತು. ಸೈಸಿಲ್ ಎಂಬ ಬಡ ಬೇಸಾಯಗಾರ, ಜೌಗಿನಲ್ಲಿ ಉರುವಲು ಮಣ್ಣು ಕಡಿಯುವ ಜಾಗಕ್ಕಾಗಿ ಜಗಳವಾಗಿ, ಕೈಲಿದ್ದ ಸನಿಕೆಯಿಂದ ಒಬ್ಬನ ತಲೆಗೆ ಹೊಡೆದ. ಹೊಡೆಸಿಕೊಂಡವನು ಹಾಸಿಗೆ ಹಿಡಿದು ಸತ್ತ. ಅವನು ಗ್ರಿಫ್ರಿಯ ತಮ್ಮ. ಗ್ರಿಫ್ರಿ ಎಂದರೆ ಕಣಿವೆಯ ಕೆಳಗಿನ ಅರ್ಧದ ದೊಡ್ಡ ಕುಳ. ಅವನ ಹಿರಿಮಗನಿಗೇ ಗ್ವೆರ್ವಿಲ್‌ಳನ್ನು ಕೊಡುವುದೆಂದು ಮಾತಾಗಿತ್ತು. ಈಸ್ಟರು ಕಳೆದ ಮೇಲೆ ಮದುವೆ.

ಗ್ರಿಫ್ರಿಯ ಜನ ಸೈಸಿಲ್‌ನನ್ನು ಹೊಳೆಯ ನಡುವೆ ಹಿಡಿದರು. ಅವನು ಎಲ್ಗಾನ್, ಎಲ್ಗಾನ್ ಎಂದು ಕೂಗಿದ. ಎಲ್ಲರೂ ನಿಂತರು. ಸೈಸಿಲ್ ನಿಂತದ್ದು ಮೊಳಕಾಲು ಮುಳುಗುವ ನೀರಿನಲ್ಲಿ. ಮೇಲಿನ ಬೆಟ್ಟದಲ್ಲಿ ಇನ್ನೂ ಹಿಮ ಕರಗುತ್ತಿತ್ತು. ಗೆನೆರಿಸ್ ಬರುವ ಹೊತ್ತಿಗೆ ಅವನ ತುಟಿ ನೀಲಿಯಾಗಿತ್ತು, ಕಾಲು ಅಲುಗಬಾರದೆಂದು ಎರಡೂ ಕೈಯಲ್ಲಿ ತನ್ನ ತೊಡೆ ಹಿಡಿದುಕೊಂಡಿದ್ದ. ಅವಳು ಲಂಗ ಎತ್ತಿ ಕಟ್ಟಿ ನೀರಿಗಿಳಿದು ಪಕ್ಕದಲ್ಲಿ ನಿಂತಳು.

“ಅಕ್ಕಾ, ಬೇಗ ಆಗ್ಲಿ ಅಂತ ಹೇಳು,” ಎಂದ ಅವನು. ಹಲ್ಲು ಕಟಕಟಿಸುತ್ತಿದ್ದದ್ದರಿಂದ ಅವನ ತುಟಿ ಓದುವುದೇ ಕಷ್ಟವಾಯಿತು. “ಉಳಿಸು ಅಂತ ಕೇಳೋಲ್ಲ. ನೀನು ಸುಳ್ಳು ಹೇಳೋಳಲ್ಲ. ಬೇಗ ಆಗ್ಲಿ, ಅಷ್ಟೇ.”

ದಡದಲ್ಲಿ ಇಡೀ ಕಣಿವೆ ನೆರೆದಿತ್ತು. ಒಂದು ದಡ ಗ್ರಿಫ್ರಿಯ ಕಡೆಯವರದು, ಇನ್ನೊಂದು ಸೈಸಿಲ್‌ನ ನೆಂಟರದು. ಲೆಯ್ಕಿಯೂ ಬಂದಿದ್ದಳು, ಯಾವ ಕಡೆಗೂ ಸೇರದೆ ಒಂದು ಕಲ್ಲಿನ ಮೇಲೆ ಒಬ್ಬಳೇ ನಿಂತಿದ್ದಳು. ಮೇಲೆ, ದೂರದಲ್ಲಿ, ಇಗರ್ಜಿಯ ಬಾಗಿಲಲ್ಲಿ ಸಿಲ್ಯೆನನ ಬಿಳಿಗಡ್ಡ ಒಂದು ಚುಕ್ಕೆಯಷ್ಟು ಕಾಣುತ್ತಿತ್ತು. ಅವನ ತೋಳು ಎದ್ದು ಬಿತ್ತು.

ಗೆನೆರಿಸಳ ಕಾಲಿಗೆ ನೀರಿನ ಒತ್ತಡ ತಿಳಿಯಿತು. ಕಿವಿಗೆ ಏನೂ ಇಲ್ಲ. ಅವಳು ಬ್ರಿಥ್‌ನ ಕಡೆ ನೋಡಿದಳು. ಮೂರು ಚಳಿಗಾಲ ಅವಳ ಕಿವಿಯಾಗಿದ್ದ ಆ ನಾಯಿ ಯಾರದೋ ಚೀಲದೊಳಗಿನ ಗಿಣ್ಣಿನ ವಾಸನೆಗೆ ಮೂಗಿಟ್ಟುಕೊಂಡು ಬಾಲ ಆಡಿಸುತ್ತಿತ್ತು. ಜನರ ಮುಖ ನೋಡಿದಳು. ಸೈಸಿಲ್‌ನ ನೆಂಟರೆಲ್ಲ ಸ್ವರ್ಗದ ಸಂಗೀತ ಕೇಳಿದವರಂತೆ ಕತ್ತೆತ್ತಿದ್ದರು. ಗ್ರಿಫ್ರಿಯ ಕಡೆಯವರೆಲ್ಲ ಮೂಗು ಉಜ್ಜಿಕೊಳ್ಳುತ್ತ ಮೋಡ ನೋಡುತ್ತಿದ್ದರು. ಯಾರ ಮುಖವೂ ಕಿವಿಯ ಮಾತು ಹೇಳುತ್ತಿರಲಿಲ್ಲ.

ಸಿಲ್ಯೆನ್ ಗಂಟೆಯನ್ನು ಮೇಲಂಗಿಯೊಳಗೆ ಸುತ್ತಿಕೊಂಡು ಇಳಿಯತೊಡಗಿದ. ಮುದುಕನ ಮೊಳಕಾಲು, ಕಲ್ಲುದಾರಿ. ಅವನು ಬರುವಷ್ಟು ಹೊತ್ತು ಗೆನೆರಿಸಳಿಗೆ ಯೋಚನೆ ಮಾಡಲು ಸಿಕ್ಕಿತು. ಅಷ್ಟು ಹೊತ್ತು ಸಿಗದಿದ್ದರೇ ಒಳ್ಳೆಯದಿತ್ತು.

ಕೇಳಿಸಲಿಲ್ಲ ಎಂದರೆ ಅದು ಸತ್ಯ. ಕೈಯಿಟ್ಟು ಹೇಳಬಹುದು, ಬಾಯಿ ತಿರುಚುವುದಿಲ್ಲ. ಆದರೆ ಅಂಥ ಸತ್ಯ ಒಮ್ಮೆ ಹೇಳಿ ಆಗಿತ್ತು, ಅದನ್ನು ಬೆಟ್ಟದ ಕಿರುದಾರಿಯಲ್ಲಿ ಹೂತು ಬಂದಾಗಿತ್ತು. ಕೇಳಿಸಿತು ಎಂದರೆ ಸೈಸಿಲ್ ಬದುಕುತ್ತಾನೆ. ಬಾಯಿ ತಿರುಚಿದರೆ ತಿರುಚಲಿ, ಇರುವುದು ಒಂದು ಹಲ್ಲು, ಚೆಂದ ಹೋಗುವುದೇನಿದೆ? ಅವಳು ಅದನ್ನೇ ಹೇಳುವುದೆಂದು ಗಟ್ಟಿ ಮಾಡಿಕೊಂಡಳು. ಮಾತು ನಾಲಿಗೆಯ ತುದಿಗೆ ಬಂದು ಕುಳಿತಿತ್ತು.

ಸಿಲ್ಯೆನ್ ನೀರಿಗಿಳಿದು ಗಂಟೆಯನ್ನು ಮುಂದೆ ಹಿಡಿದ. ಅವಳು ಅಂಗೈಯಿಟ್ಟಳು. ಕಬ್ಬಿಣ ಹೊಳೆಗಿಂತ ತಣ್ಣಗಿತ್ತು. ಎಲ್ಗಾನನ ಕಿವಿಯಾಗಿ ಹೇಳು ಎಂದು ಗಡ್ಡ ಅಲುಗಿತು. ಆ ಮಾತು ಅವಳಿಗೆ ಬಾಯಿಪಾಠ. ಅವಳು ಬಾಯಿ ತೆರೆದು ತಲೆಯೆತ್ತಿದಾಗ ಕಣ್ಣು ನೆಟ್ಟಗೆ ಹೋಗಿ ಲೆಯ್ಕಿಯ ಮೇಲೆ ಬಿತ್ತು.

ಲೆಯ್ಕಿ ಅಳುತ್ತಿರಲಿಲ್ಲ. ಗೆನೆರಿಸಳ ತುಟಿಯನ್ನೇ ನೋಡುತ್ತಿದ್ದಳು. ಇಗರ್ಜಿಯಿಂದ ಹೊಳೆ ಎಷ್ಟು ದೂರ, ಬೆಟ್ಟದ ಕಿರುದಾರಿ ಎಷ್ಟು ಹತ್ತಿರ ಎಂಬುದು ಲೆಯ್ಕಿಗೆ ಗೊತ್ತಿಲ್ಲದ್ದೇನಲ್ಲ. ಇಷ್ಟು ಕೆಳಗೆ, ಇಷ್ಟು ನೀರಿನ ಸದ್ದಿನಲ್ಲಿ ಗಂಟೆ ಕೇಳಿಸಿತೆಂದರೆ, ಅಷ್ಟು ಹತ್ತಿರದಲ್ಲಿ ನನ್ನ ಮಗನ ಪಾಲಿಗೆ ಮಾತ್ರ ನಿನಗೆ ಯಾಕೆ ಕೇಳಿಸಲಿಲ್ಲ? ಆ ಮುಖದಲ್ಲಿ ಈ ಒಂದು ಪ್ರಶ್ನೆ ಬಿಟ್ಟು ಬೇರೇನೂ ಇರಲಿಲ್ಲ. ನಾಲಿಗೆಯ ತುದಿಯಲ್ಲಿದ್ದ ಮಾತು ಹಿಂದಕ್ಕೆ ಹೋಯಿತು.

“ನಂಗೆ ಕೇಳಿಸ್ಲಿಲ್ಲ,” ಎಂದಳು ಗೆನೆರಿಸ್.

ಗ್ರಿಫ್ರಿಯ ಜನ ನೀರಿಗೆ ಕಾಲಿಟ್ಟರು. ಸೈಸಿಲ್ ಕಣ್ಣು ಮುಚ್ಚಿಕೊಂಡ.

“ನಿಂತ್ಕಳ್ರೋ! ಮಾತು ಮುಗಿದಿಲ್ಲ.” ಗಂಟೆಯ ಮೇಲಿನ ಕೈಯನ್ನು ಅವಳು ತೆಗೆಯಲಿಲ್ಲ. ತನ್ನ ದನಿ ಎಷ್ಟು ಜೋರಿದೆ ಎಂದು ತಿಳಿಯದೆ ಬೆಟ್ಟಕ್ಕೆ ಕೇಳುವಂತೆ ಕೂಗಿದಳು. “ನಂಗೆ ಕೇಳಿಸ್ಲಿಲ್ಲ. ನಂಗೆ ಏನೂ ಕೇಳಿಸೋದಿಲ್ಲ. ಹೊಳೇನೂ ಕೇಳಿಸೋದಿಲ್ಲ, ನೀವು ಈಗ ಬಯ್ತಿರೋದೂ ಕೇಳಿಸೋದಿಲ್ಲ. ಮೂರು ಚಳಿಗಾಲ ಆಯ್ತು. ಲೆಯ್ಕಿ, ನಿನ್ನ ಮಗನ ಪಕ್ಕ ನಿಂತಾಗ್ಲೇ ನನ್ನ ಕಿವಿ ಅರ್ಧ ಹೋಗಿತ್ತು. ನಂಗೆ ಗೊತ್ತಿರ್ಲಿಲ್ಲ. ಗೊತ್ತಾದ ಮೇಲೆ ಹೇಳ್ಲಿಲ್ಲ. ಅವನು ಕೇಳಿಸ್ತು ಅಂದ. ಅವನಿಗೆ ಕೇಳಿಸಿತ್ತೋ ಏನೋ.”

ಆಮೇಲೆ ಆದ ಗದ್ದಲ ಕೇಳದೆ ಇದ್ದವಳು ಅಲ್ಲಿ ಅವಳೊಬ್ಬಳೇ. ಗ್ರಿಫ್ರಿಗೆ ಕೋಪಕ್ಕಿಂತ ಸಂತೋಷವೇ ಹೆಚ್ಚಾಗಿತ್ತು. ಅವನು ದಡದ ತುದಿಗೆ ಬಂದ.

“ಕೇಳಿದ್ರೇನ್ರಪ್ಪಾ? ಕಾಯೋಳ ಕಿವಿ ಎಲ್ಲೀವರೆಗೋ ಅಲ್ಲೀವರೆಗೆ ಸಂತನ ನೆಲ. ಆ ಕಿವಿ ಸತ್ತು ಮೂರು ವರ್ಷ ಆಯ್ತಂತೆ. ಹಂಗಂದ್ರೆ ಸಂತನ ನೆಲ ಅನ್ನೋದೇ ಇಲ್ಲ. ಹೊಳೇಲೂ ಇಲ್ಲ, ಇಗರ್ಜಿ ಬಾಗ್ಲಲ್ಲೂ ಇಲ್ಲ. ಸರೀರಿ ಸ್ವಾಮಿ, ದಾರಿ ಬಿಡಿ.”

ಸಿಲ್ಯೆನ್ ಸರಿಯಲಿಲ್ಲ. “ಗ್ರಿಫ್ರಿ, ನಿಮ್ಮಪ್ಪ ಸತ್ತಾಗ ಹೊಲಾನೂ ಸತ್ತೋಯ್ತಾ?”

“ಅದ್ಯಾಕೆ ಸಾಯುತ್ತೆ? ನಂಗೆ ಬಂತು.”

“ಹೆಣ ಎತ್ತೋಕೆ ಮುಂಚೇನೇ ನೀನು ನೇಗಿಲು ಕಟ್ಟಿದ್ದೆ, ನೆನಪಿದೆ ನಂಗೆ. ಹಂಗೇ ಇದೂ. ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬರುತ್ತೆ.” ಮುದುಕ ಗೆನೆರಿಸಳ ಕಡೆ ತಿರುಗಿ, ಜೀವನದಲ್ಲಿ ಮೊದಲ ಸಲ ಕೈಯಿಂದ ಮೀಸೆಗಡ್ಡ ಸರಿಸಿ, ತುಟಿ ಕಾಣುವಂತೆ ಹೇಳಿದ. “ಬಿಟ್ಟುಕೊಡ್ತೀಯೇನವ್ವಾ?”

ಬಿಟ್ಟುಕೊಡುವುದೆಂದರೆ ಕಲ್ಲುಮನೆ, ಹಸು, ಇಗರ್ಜಿಯಲ್ಲಿ ಮುಂದಿನ ಸಾಲಿನ ಜಾಗ, ಎಲ್ಲ. ಅದಕ್ಕಿಂತ ದೊಡ್ಡ ಅಳುಕು ಬೇರೆಯದಿತ್ತು. ಗಂಟೆ ಹೋಗಬೇಕಾದದ್ದು ಗ್ವೆರ್ವಿಲ್‌ಗೆ, ಗ್ವೆರ್ವಿಲ್ ಹೋಗಬೇಕಾದದ್ದು ಗ್ರಿಫ್ರಿಯ ಮನೆಗೆ. ಗ್ರಿಫ್ರಿಯೂ ಆ ಹೊತ್ತಿಗೆ ಅದನ್ನೇ ಲೆಕ್ಕ ಹಾಕಿ ಮುಗಿಸಿದ್ದ. ಅವನ ಮುಖ ಸಡಿಲವಾಯಿತು.

“ಆಗ್ಲಿ ಬಿಡಿ. ನನ್ನ ಸೊಸೆ ಕಿವಿಗೆ ನಾನು ಒಪ್ತೀನಿ,” ಎಂದ ಅವನು, ಒಳ್ಳೆಯ ಚೌಕಾಸಿ ಮುಗಿಸಿದವನ ದನಿಯಲ್ಲಿ.

ಗೆನೆರಿಸ್ ಗಂಟೆಯ ಚರ್ಮದ ಪಟ್ಟಿ ಬಿಚ್ಚಿ, ದಡಕ್ಕೆ ಬಂದು, ಅಲ್ಲಿ ನಿಂತಿದ್ದ ತಂಗಿಯ ಮಗಳ ಹೆಗಲಿಗೆ ಹಾಕಿದಳು. ಹುಡುಗಿಯ ಗದ್ದ ಹಿಡಿದು, “ಯಾರ ಮುಖಾನೂ ನೋಡ್ಬೇಡ. ನನ್ನದೂ ನೋಡ್ಬೇಡ,” ಎಂದಳು. ಗ್ವೆರ್ವಿಲ್ ಏನೋ ಹೇಳಿದಳು, ತುಟಿ ನಡುಗುತ್ತಿದ್ದದ್ದರಿಂದ ಓದಲಾಗಲಿಲ್ಲ. ಇನ್ನೊಮ್ಮೆ ಬೆಟ್ಟ ಹತ್ತಬೇಕಲ್ಲ ಎಂದು ಗೊಣಗುತ್ತ ಸಿಲ್ಯೆನ್ ಗಂಟೆ ತೆಗೆದುಕೊಂಡು ಹೊರಟ. ಗ್ವೆರ್ವಿಲ್ ನೀರಿಗಿಳಿದು ಸೈಸಿಲ್‌ನ ಪಕ್ಕ ನಿಂತು ಕಣ್ಣು ಮುಚ್ಚಿದಳು. ಸೈಸಿಲ್ ಬೀಳುವಂತಿದ್ದ. ಅವನನ್ನು ಮುಟ್ಟುವ ಹಾಗಿರಲಿಲ್ಲ, ಮುಟ್ಟಿದರೆ ಅಲುಗಿದಂತೆ. ಗೆನೆರಿಸ್ ದಡದಲ್ಲಿ ಕುಳಿತು ಅವನ ಕಾಲನ್ನೇ ನೋಡುತ್ತಿದ್ದಳು.

ಮೇಲೆ ತೋಳು ಎದ್ದು ಬಿತ್ತು. ಈ ಸಲ ದಡದಲ್ಲಿ ಯಾರೂ ಮೂಗು ಉಜ್ಜಲಿಲ್ಲ, ಕತ್ತೆತ್ತಲಿಲ್ಲ. ಎಲ್ಲರ ಕಣ್ಣೂ ಹುಡುಗಿಯ ಮೇಲಿತ್ತು. ಗಂಟೆ ಇಳಿದು ಬಂತು. ಗ್ವೆರ್ವಿಲ್ ಕೈಯಿಟ್ಟಳು.

“ಕೇಳಿಸ್ತು,” ಎಂದಳು. “ತೆಳ್ಳಗೆ, ನೀರಿನ ಸದ್ದಿನ ಅಡೀಲಿ. ಆದ್ರೂ ಕೇಳಿಸ್ತು.”

“ಯೋಚನೆ ಮಾಡಿ ಹೇಳು ಮಗಳೇ,” ಎಂದ ಗ್ರಿಫ್ರಿ. “ನಾಳೆ ಯಾರ ಒಲೆ ಮುಂದೆ ಕೂರಬೇಕು ಅನ್ನೋದನ್ನೂ ಯೋಚನೆ ಮಾಡು.”

“ಮಾಡಿದ್ದೀನಿ ಮಾವಾ. ನಿಮಗೂ ಕೇಳಿಸ್ತು. ಮೊದಲ ಸಲ ಹೊಡೆದಾಗ್ಲೇ ನೀವು ತಲೆ ತಿರುಗಿಸಿದ್ರಿ, ನಾನು ದಡದಲ್ಲಿ ನೋಡ್ತಾ ಇದ್ದೆ.”

ಸೈಸಿಲ್‌ನನ್ನು ನಾಲ್ಕು ಜನ ಎತ್ತಿಕೊಂಡು ಇಗರ್ಜಿಗೆ ಹೋದರು. ಕಾಲಿನ ಎರಡು ಬೆರಳು ಹೋದವು, ಜೀವ ಉಳಿಯಿತು. ಅವನ ಕುಲದವರು ಗ್ರಿಫ್ರಿಗೆ ವರ್ಷ ವರ್ಷವೂ ದನ ಕೊಟ್ಟು ರಕ್ತದ ಪರಿಹಾರ ತೀರಿಸಿದರು. ಗ್ವೆರ್ವಿಲ್‌ಳ ಮದುವೆ ಆ ಈಸ್ಟರಿಗೆ ಆಗಲಿಲ್ಲ, ಅದರ ಮುಂದಿನ ಈಸ್ಟರಿಗೂ ಆಗಲಿಲ್ಲ. ಆಮೇಲೆ ಗ್ರಿಫ್ರಿಯ ಮಗ ಬೇರೆ ಕಡೆ ನೋಡಿಕೊಂಡ. ಅವಳು ಗಂಟೆಯನ್ನು ಹೆಗಲಿಗೆ ಹಾಕಿಕೊಂಡು ಒಂಟಿಯಾಗಿಯೇ ಇದ್ದಾಳೆ. ಆ ಮಾತು ತೆಗೆದರೆ ಕೈಲಿರುವುದನ್ನು ಎಸೆಯುತ್ತಾಳೆ.

ಇನ್ನು ರಿರಿದನ ರಕ್ತ. ಪರಿಹಾರ ಕೊಡಲು ಗೆನೆರಿಸಳ ಹತ್ತಿರ ಈಗ ಒಂದು ಕರುವೂ ಇರಲಿಲ್ಲ. ಎಲ್ಲ ಗಂಟೆಯ ಜೊತೆ ಹೋಗಿತ್ತು. ಗ್ವೆರ್ವಿಲ್ ಹಸು ಕೊಡಲು ಬಂದರೆ ಅವಳು ಒಪ್ಪಲಿಲ್ಲ. ಅವು ಸಂತನವು ಎಂದಳು. ಒಂದು ಬೆಳಿಗ್ಗೆ ಕಂಬಳಿ ಸುತ್ತಿಕೊಂಡು ಲೆಯ್ಕಿಯ ಮನೆಗೆ ಹೋಗಿ, ಕೇಳದೆಯೇ ಹಾಲಿನ ಪಾತ್ರೆ ತೆಗೆದುಕೊಂಡು ಕೊಟ್ಟಿಗೆಗೆ ನಡೆದಳು. ಲೆಯ್ಕಿ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಗೆನೆರಿಸ್ ಕೊಟ್ಟಿಗೆಯ ಮೂಲೆಯಲ್ಲಿ ಮಲಗಿದಳು. ಮಗ ಮಾಡಬೇಕಾಗಿದ್ದ ಕೆಲಸವನ್ನೆಲ್ಲ ಮಾಡಿದಳು. ಉರುವಲು ಕಡಿದಳು, ಬೇಲಿ ಕಟ್ಟಿದಳು, ಉಣ್ಣೆ ಕತ್ತರಿಸಿದಳು. ಅವಳ ಪಾಲಿನ ಓಟ್ ಗಂಜಿ, ಮಜ್ಜಿಗೆ ಹೊಸ್ತಿಲ ಮೇಲೆ ಇರುತ್ತಿತ್ತು. ಸಾಯುವವರೆಗೂ ಲೆಯ್ಕಿ ಅವಳೊಂದಿಗೆ ಒಂದು ಮಾತೂ ಆಡಲಿಲ್ಲ. ಕಿವುಡಿಗೆ ಅದರಿಂದ ನಷ್ಟವೇನು ಎಂದು ಊರವರು ನಕ್ಕರು. ನಷ್ಟವಿತ್ತು. ಲೆಯ್ಕಿ ಹಾದುಹೋದಾಗಲೆಲ್ಲ ಗೆನೆರಿಸ್ ಕೈಕೆಲಸ ಬಿಟ್ಟು ಅವಳ ತುಟಿ ನೋಡುತ್ತಿದ್ದಳು.

ಹೊಳೆಯ ದಿನ ಮಾಡಿದ್ದು ಸರಿಯೇ ಎಂದು ಸಿಲ್ಯೆನ್ ಒಮ್ಮೆ ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟು. “ಕಮ್ಮಾರನ ಅಂಗಡಿಯಿಂದ ನೆಟ್ಟಗೆ ನಿಮ್ಮ ಹತ್ರ ಬಂದಿದ್ರೆ ಸರಿ ಅನ್ನಬಹುದಿತ್ತು ಸ್ವಾಮಿ. ಇದು ಸರಿ ಅಲ್ಲ, ತಡ.” ಲೆಯ್ಕಿ ಸತ್ತ ಮರುವರ್ಷ ಅವಳೂ ಸತ್ತಳು. ಇಗರ್ಜಿಯ ಅಂಗಳದಲ್ಲಿ ಹೂಳಬೇಕೆಂದು ಗ್ವೆರ್ವಿಲ್ ಹಟ ಹಿಡಿದಳು. ಬೇಡ, ಬೆಟ್ಟದ ಕಿರುದಾರಿಯ ಹತ್ತಿರ ಹೂಳಿ ಎಂದು ಗೆನೆರಿಸಳೇ ಸಾಯುವ ಮೊದಲು ಹೇಳಿಟ್ಟಿದ್ದಳು. ಅಲ್ಲೇ ಹೂತರು.

ಈಚೆಗೆ ಕಣಿವೆಯ ಜನ ಕತೆಯನ್ನೇ ತಿದ್ದತೊಡಗಿದ್ದಾರೆ. ಸಂತ ಎಲ್ಗಾನನೂ ಮುಪ್ಪಿನಲ್ಲಿ ಕಿವುಡನಾಗಿದ್ದನಂತೆ, ಅದಕ್ಕೇ ದನ ಕಾಯುವವಳ ಕಿವಿ ಬೇಕಾಯಿತಂತೆ. ನಮ್ಮ ಅಪ್ಪಂದಿರ ಕಾಲದಲ್ಲಿ ಸಂತನ ಕಿವಿ ಚೆನ್ನಾಗಿಯೇ ಇತ್ತು. ಈಗ ವರ್ಷಕ್ಕೊಮ್ಮೆ, ಅವನ ಹಬ್ಬದ ದಿನ, ಗಂಟೆಯ ಮನೆಯವಳನ್ನು ಬೆನ್ನು ಮಾಡಿ ನಿಲ್ಲಿಸಿ ಊರಿನ ಮಕ್ಕಳು ಅವಳ ಹಿಂದೆ ಸಣ್ಣ ಸಣ್ಣ ಸದ್ದು ಮಾಡುತ್ತಾರೆ. ಅವಳು ಎಲ್ಲವನ್ನೂ ಗುರುತಿಸಿ ಹೇಳಬೇಕು. ಗ್ವೆರ್ವಿಲ್ ತಾನೇ ಹಾಕಿಕೊಂಡ ಪರೀಕ್ಷೆ ಅದು.

ಇದೇ ಕಣಿವೆಯಲ್ಲಿ ಹುಟ್ಟಿದ ನಾನು ಉಪ್ಪಿನ ಮೂಟೆ ಹೇರಿದ ಕುದುರೆಗಳೊಂದಿಗೆ ಈ ಬೆಟ್ಟಗಳನ್ನು ಸುತ್ತುತ್ತೇನೆ. ಬೇರೆ ಕಣಿವೆಗಳಲ್ಲಿ ಮೂಟೆಗೊಬ್ಬ ಕಾವಲುಗಾರ ಬೇಕು; ಒಬ್ಬನಿಗೆ ಮಾರಿದರೆ ಅವನ ವೈರಿಯ ಈಟಿ ದಾರಿ ಕಾಯುತ್ತಿರುತ್ತದೆ. ಇಲ್ಲಿ ಮಾತ್ರ ಒಬ್ಬರ ರಕ್ತಕ್ಕೆ ಇನ್ನೊಬ್ಬರು ಕಾದಿರುವ ಎರಡು ಕುಲದವರು ಒಂದೇ ಮೂಟೆಗೆ ಕೈ ಹಾಕಿ, ಗೊಣಗುತ್ತ, ಉಪ್ಪು ಅಳೆಸಿಕೊಂಡು ಹೋಗುತ್ತಾರೆ, ಏಕೆಂದರೆ ಗಂಟೆಯ ಮಾತನ್ನು ಎರಡು ಕಡೆಯವರೂ ನಂಬುತ್ತಾರೆ. ಅಂದು ಹೊಳೆಯಲ್ಲಿ ಒಂದು ದಯೆಯ ಸುಳ್ಳು ಬಿದ್ದಿದ್ದರೆ ಆ ನಂಬಿಕೆ ಇಷ್ಟು ಹೊತ್ತಿಗೆ ಮುಗಿದಿರುತ್ತಿತ್ತು. ಕತ್ತಿ ಕಟ್ಟದೆ ಈ ಕಣಿವೆಗೆ ಬಂದು, ಬದುಕಿ ಮುಂದಿನ ದಾರಿ ಹಿಡಿಯುತ್ತಿರುವುದಕ್ಕೆ ನಾನು ಗೆನೆರಿಸಳಿಗೆ ಋಣಿ.